ಗೇಣುದ್ದದ ಸೀಳು

ಹೊನ್ನಟ್ಟಿಯಲ್ಲಿ ಹಗಲು ಹೊತ್ತಿನಲ್ಲಿ ಯಾರ ಮನೆಯಲ್ಲಾದರೂ ಒಂದು ಬಲ್ಬು ಉರಿದರೆ ಅದು ಅಂಬಮ್ಮನ ಕಣ್ಣಿಗೆ ಓಣಿಯ ಆ ತುದಿಯಿಂದಲೇ ಬೀಳುತ್ತಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲಂತೂ ಕೇಳುವುದೇ ಬೇಡ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಮನೆಯ ಹೊಸ್ತಿಲ ಮುಂದೆ ನಿಂತಳೆಂದರೆ ಒಳಗಿನವರು ಸದ್ದಿಲ್ಲದೆ ಸ್ವಿಚ್ಚಿನ ಕಡೆ ಓಡುತ್ತಿದ್ದರು.

"ಯಾರವಾ ಅದು, ನಡುಹಗಲ ದೀಪ ಹಚ್ಕೊಂಡು ಕುಂತೋರು? ಪಟ್ಟಿ ನಿಮ್ಮಪ್ಪ ಜಗ್ಗತಾನೇನು?"

ಪಟ್ಟಿ ಜಗ್ಗುತ್ತಿದ್ದದ್ದು ಯಾರಪ್ಪನೂ ಅಲ್ಲ, ಮೇಲಿನ ಸೂರ್ಯ. ಹೊನ್ನಟ್ಟಿಯ ಚಿನ್ನ ತೀರಿಹೋಗಿ ಗಣಿ ಮುಚ್ಚಿದಾಗ ಊರಿಗೆ ಉಳಿದದ್ದು ಎರಡೇ: ಪಾತಾಳದಂಥ ಒಂದು ಬಾವಿ, ಅದರ ಬಾಯಿಯ ಮೇಲೆ ತುಕ್ಕು ಹಿಡಿದು ನಿಂತ ದೊಡ್ಡ ಗಾಲಿ. ಹಾಳು ಬಾವಿ ಎಂದು ಎಲ್ಲರೂ ಕೈತೊಳೆದುಕೊಂಡಿದ್ದ ಹೊತ್ತಿಗೆ ಹೊಸ ನಮೂನೆಯ ರಬ್ಬರು ಬಂತು. ಎಷ್ಟು ಜಗ್ಗಿದರೂ ಜಗ್ಗುವ, ಜಗ್ಗಿದ ಶಕ್ತಿಯನ್ನೆಲ್ಲ ಒಡಲಲ್ಲಿ ಹಿಡಿದಿಟ್ಟುಕೊಳ್ಳುವ ರಬ್ಬರು. ಆಳುದ್ದ ಅಗಲ, ಗೇಣು ದಪ್ಪದ ಒಂದು ಪಟ್ಟಿಯನ್ನು ಬಾವಿಯೊಳಗೆ ಇಳಿಬಿಟ್ಟು, ತಳದಲ್ಲಿ ಉಕ್ಕಿನ ದವಡೆಯಿಂದ ಕಚ್ಚಿಸಿ, ಮೇಲಿನ ತುದಿಯನ್ನು ಗಾಲಿಗೆ ಸುತ್ತಿದರು. ಹಗಲೆಲ್ಲ ಬಿಸಿಲಿನ ಹಲಗೆಗಳ ಕರೆಂಟು ಗಾಲಿಯನ್ನು ತಿರುಗಿಸಿ ಪಟ್ಟಿಯನ್ನು ಬಿಗಿಯುತ್ತದೆ. ಹೊತ್ತು ಮುಳುಗಿದ ಮೇಲೆ ಪಟ್ಟಿ ತನ್ನ ಪಾಡಿಗೆ ತಾನು ಗಾಲಿಯನ್ನು ಹಿಂದಕ್ಕೆ ಎಳೆಯುತ್ತದೆ, ಅದರಿಂದ ಜನರೇಟರ್ ತಿರುಗಿ ಊರಿಗೆ ಬೆಳಕು. ಇಷ್ಟೇ ಸಂಗತಿ. ಮಗು ಲಂಗದ ಎಲಾಸ್ಟಿಕ್ ಜಗ್ಗಿ ಬಿಟ್ಟ ಹಾಗೆ.

ಊರು ಪಟ್ಟಿಗೆ ಹೊಂದಿಕೊಂಡಿತು. "ಪಟ್ಟಿ ಬಿಟ್ಟ ಮ್ಯಾಲ ಬಾ" ಎಂದರೆ ಸಂಜೆ ಬಾ ಎಂದರ್ಥ. ಒಂದು ಮನೆಯ ಮಿಕ್ಸರ್ ನಿಂತ ಮೇಲೇ ಪಕ್ಕದ ಮನೆಯದು ತಿರುಗಬೇಕು. ಹೆಚ್ಚು ಉರಿಸಿದವರಿಗೆ ಪಂಚಾಯಿತಿಯ ದಂಡ. ಗಂಡಿನ ಕಡೆಯವರು ಮನೆ ತುಂಬ ಸರದೀಪ ಹಾಕಿದರೆಂದು ಒಂದು ಲಗ್ನವೇ ಮುರಿದುಬೀಳುವುದರಲ್ಲಿತ್ತು. ಆ ಹೊತ್ತು ಹಂದರದ ನಡುವೆ ನಿಂತು ದೀಪ ತೆಗೆಸಿದವಳೂ ಇದೇ ಅಂಬಮ್ಮ. ತನ್ನ ಮಗ ಅಮರೇಶ ಬಾವಿಯ ತಳದಲ್ಲಿ ಪಟ್ಟಿಯನ್ನು ನೋಡಿಕೊಳ್ಳುವವನು, ಸೊಸೆ ಹುಲಿಗೆಮ್ಮ ಮೇಲೆ ಗಾಲಿಮನೆಯ ಕಂಟ್ರೋಲ್ ರೂಮಿನಲ್ಲಿ ಕೂರುವ ಎಂಜಿನಿಯರ್. ಹೀಗಾಗಿ ಇಡೀ ಪಟ್ಟಿ ತನ್ನ ಮನೆಯ ಆಸ್ತಿ ಎಂದೇ ಅವಳ ಭಾವನೆ.

ಅಂದು ಅಮಾವಾಸ್ಯೆ. ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಡ್ಯೂಟಿಗೆ ಹೊರಟು ನಿಂತಾಗ ಅಂಬಮ್ಮ ಒಂದು ಹಸಿರು ಲಿಂಬೆಹಣ್ಣನ್ನು ಮಗನ ತಲೆಯ ಸುತ್ತ ಇಳಿಸಿ, ಅಡ್ಡ ಕೊಯ್ದು, ಹೋಳುಗಳಿಗೆ ಕುಂಕುಮ ಹಚ್ಚಿ, ಎಲೆಯಲ್ಲಿ ಸುತ್ತಿ ಅವನ ಜೇಬಿಗೆ ತುರುಕಿದಳು.

"ಪಟ್ಟಿಗೆ ಇಡು. ನಿನ್ನ ಮ್ಯಾಲ, ಪಟ್ಟಿ ಮ್ಯಾಲ ಯಾರ ಕೆಟ್ಟ ಕಣ್ಣೂ ಬೀಳಬಾರದು."

"ಆತವ್ವ, ಎಲ್ಲಾ ಅಮಾಸಿಗೂ ಇಡತೀನಲ್ಲ," ಎಂದ ಅಮರೇಶ.

ಹುಲಿಗೆಮ್ಮ ಜಡೆ ಹಾಕಿಕೊಳ್ಳುತ್ತಾ ಇದನ್ನು ನೋಡಿದಳು, ನಕ್ಕಳು. ಊರಿನ ಟ್ರ್ಯಾಕ್ಟರ್, ಆಟೋ, ಹಿಟ್ಟಿನ ಗಿರಣಿ, ಎಲ್ಲದಕ್ಕೂ ಅಮಾವಾಸ್ಯೆಗೆ ಲಿಂಬೆಹಣ್ಣು ಬೀಳುತ್ತದೆ. ತಳದಲ್ಲಿರುವ ಯಾವುದೋ ಕಬ್ಬಿಣದ ಕಂಬಕ್ಕೆ ಇಡುತ್ತಾನೆ ಎಂದು ತಿಳಿದಿದ್ದಳು. ಕೇಳಿರಲಿಲ್ಲ. ಗಂಡನ ಭಕ್ತಿಯನ್ನು ಯಾವ ಹೆಂಡತಿ ತಪಾಸಣೆ ಮಾಡುತ್ತಾಳೆ?

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಪಟ್ಟಿ ಪೂರ್ತಿ ಬಿಗಿದು ನಿಂತಿತ್ತು. ಕಂಟ್ರೋಲ್ ರೂಮಿನಲ್ಲಿ ಹುಲಿಗೆಮ್ಮ ಮತ್ತು ಜನರೇಟರ್ ನೋಡುವ ಮೌಲಾಸಾಬ, ಇಬ್ಬರೇ. ಮೌಲಾಸಾಬ ಹಳೆಯ ಗಣಿಯ ಕಾಲದವನು, ಅವಳಿಗೆ ತಂದೆಯ ವಯಸ್ಸು. ಅವನು ಚಹಾದ ಲೋಟ ಮುಂದಿಡುವುದಕ್ಕೂ ಪರದೆಯ ಮೂಲೆಯಲ್ಲಿ ಕೆಂಪು ಗುರುತು ಮಿನುಗುವುದಕ್ಕೂ ಸರಿಹೋಯಿತು. ಪಟ್ಟಿಯ ಮೈಗೆ ಅಲ್ಲಲ್ಲಿ ಅಂಟಿಸಿದ ಸೂಕ್ಷ್ಮ ಯಂತ್ರಗಳಿದ್ದವು, ರಬ್ಬರಿನೊಳಗೆ ಎಲ್ಲಾದರೂ ಎಳೆ ಹರಿದರೆ ಅದರ ಸದ್ದು ಹಿಡಿಯುವಂಥವು. ತಳದ ಯಂತ್ರ ಚಟ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಚಟ್.

ಅವಳು ಬಿಸಿಲಿನ ಹಲಗೆಗಳ ಕರೆಂಟನ್ನು ಕಡಿದು, ಗಾಲಿಯನ್ನು ನಿಲ್ಲಿಸಿ ಬಾವಿಯ ಫೋನು ಎತ್ತಿದಳು.

"ರೀ, ದವಡಿ ಹತ್ರ ಏನರ ಕಾಣತೈತೇನು ನೋಡ್ರಿ."

ಅಮರೇಶ ನೋಡಿ ಬರುವಷ್ಟರಲ್ಲಿ ಮತ್ತೆ ಎರಡು ಸಲ ಚಟ್ ಎಂದಿತು. ಜೊತೆಯ ಆಳು ಚಹಾಕ್ಕೆ ಮೇಲೆ ಬಂದಿದ್ದ, ತಳದಲ್ಲಿ ಅವನೊಬ್ಬನೇ.

"ಸೀಳೈತಿ ಹುಲಿಗಿ. ಅಂಚಿನಿಂದ ಒಳಗ ಹೊಂಟೈತಿ. ಮೂರು ಬೆರಳು ಆಗೇತಿ."

ಬಟ್ಟೆ ಅಂಗಡಿಯವನು ಥಾನಿನ ಅಂಚಿಗೆ ಕತ್ತರಿ ತಾಗಿಸಿ ಎರಡೂ ಕೈಯಿಂದ ಎಳೆಯುವುದನ್ನು ನೋಡಿದವರಿಗೆ ಮುಂದಿನದು ತಾನಾಗಿ ತಿಳಿಯುತ್ತದೆ. ಸೀಳು ಮುಂದೆ ಹೋಗಬೇಕಾದರೆ ಎಳೆಗಳನ್ನು ಹರಿಯಬೇಕು, ಹರಿಯಲು ಶಕ್ತಿ ಬೇಕು. ಅದು ಹೊರಗಿನಿಂದ ಬರಬೇಕಾಗಿಲ್ಲ. ಬಿಗಿದು ನಿಂತ ರಬ್ಬರು ಸೀಳಿನ ಎರಡೂ ಮಗ್ಗುಲಲ್ಲಿ ಸಡಿಲವಾಗುತ್ತದಲ್ಲ, ಆಗ ಅದು ಬಿಟ್ಟುಕೊಡುವ ಶಕ್ತಿಯೇ ಸೀಳಿಗೆ ಊಟ. ಸೀಳು ಚಿಕ್ಕದಿದ್ದಾಗ ಸಿಗುವ ಊಟ ಸಾಲದು, ಅದು ತೆವಳುತ್ತದೆ. ಉದ್ದವಾದ ಹಾಗೆ ಊಟ ಹೆಚ್ಚುತ್ತದೆ. ಒಂದು ಮಿತಿ ದಾಟಿತೋ, ಮುಂದೆ ಅದು ತನ್ನನ್ನು ತಾನೇ ಉಣಿಸಿಕೊಂಡು ಓಡುತ್ತದೆ. ಆಮೇಲೆ ಅದನ್ನು ತಡೆಯಲು ಬ್ರಹ್ಮನಿಂದಲೂ ಆಗದು. ಪಟ್ಟಿ ತಳದಲ್ಲಿ ಹರಿದರೆ ಆ ಉದ್ದವೆಲ್ಲ ಮೇಲಕ್ಕೆ ಚಿಮ್ಮಿ ಗಾಲಿಮನೆಯನ್ನು ಚಚ್ಚುತ್ತದೆ, ಅಲ್ಲಿಂದ ಬಾವಿಯ ತಳಕ್ಕೆ ಕುಸಿಯುತ್ತದೆ. ಮೇಲೆ ಹೆಂಡತಿ, ಕೆಳಗೆ ಗಂಡ.

ಪರದೆಯ ಮೇಲೆ ಎರಡು ಗೆರೆಗಳಿದ್ದವು. ಕೆಂಪು ಗೆರೆ ಸೀಳಿಗೆ ಸಿಗುತ್ತಿರುವ ಶಕ್ತಿ, ಹಸಿರು ಗೆರೆ ಓಡಲು ಅದಕ್ಕೆ ಬೇಕಾದ ಶಕ್ತಿ. ಈಗಿನ ಬಿಗಿತದಲ್ಲಿ ಸೀಳು ಒಂದು ಮೊಳ ಆಗುವವರೆಗೆ ಕೆಂಪು ಹಸಿರನ್ನು ಮುಟ್ಟುವುದಿಲ್ಲ. ಹುಲಿಗೆಮ್ಮ ಉಸಿರು ಬಿಟ್ಟಳು. ಮೂರು ಬೆರಳೆಲ್ಲಿ, ಮೊಳವೆಲ್ಲಿ.

"ತೊಟ್ಲ ಕಳಿಸ್ಲೇನು ಮಗಳ?" ಎಂದ ಮೌಲಾಸಾಬ. ಬಾವಿಯಲ್ಲಿ ಜನರನ್ನು ಏರಿಸಿ ಇಳಿಸುವ ಪಂಜರಕ್ಕೆ ಅವರೆಲ್ಲ ತೊಟ್ಟಿಲು ಎನ್ನುತ್ತಿದ್ದರು.

"ಬ್ಯಾಡ ಕಾಕಾ. ತೊಟ್ಲದ ಹಳಿ ಪಟ್ಟಿ ಮಗ್ಗಲಕ್ಕ ಐತಿ. ಅದು ಅಳ್ಳಾಡಿದ್ರ ಪಟ್ಟಿನೂ ಅಳ್ಳಾಡತೈತಿ. ಮೊದಲ ಪಟ್ಟಿ ಸಡಿಲ ಮಾಡೂಣು."

ಸಡಿಲ ಮಾಡುವುದು ಬಾಯಿಮಾತಲ್ಲ. ಪಟ್ಟಿಯೊಳಗಿನ ಶಕ್ತಿ ಎಲ್ಲಿಗಾದರೂ ಹೋಗಬೇಕು. ಗಾಲಿಯ ಬ್ರೇಕು ಹಿಡಿದು ಹಿಡಿದು ಬಿಟ್ಟರೆ ಪಟ್ಟಿ ತಟಕು ತಟಕಾಗಿ ಕುಲುಕುತ್ತದೆ. ಊರಾಚೆಯ ದೊಡ್ಡ ಲೈನಿಗೆ ಹರಿಸೋಣವೆಂದರೆ ಹೋದ ವಾರದ ಬಿರುಗಾಳಿಗೆ ಬಿದ್ದ ಕಂಬಗಳು ಇನ್ನೂ ಹೊಲದಲ್ಲೇ ಮಲಗಿದ್ದವು. ನಯವಾಗಿ, ಕುಲುಕದೆ ಪಟ್ಟಿ ಇಳಿಯುವ ದಾರಿ ಒಂದೇ: ಜನರೇಟರ್ ತಿರುಗಬೇಕು, ಅದು ಕೊಟ್ಟ ಕರೆಂಟನ್ನು ಯಾರಾದರೂ ಕುಡಿಯಬೇಕು. ಕುಡಿಯುವವರಿಲ್ಲದಿದ್ದರೆ ಜನರೇಟರಿಗೆ ಹಿಡಿತವಿಲ್ಲ. ಬೆಳಕು ಉಳಿಸಿ ಉಳಿಸಿ ಅಭ್ಯಾಸವಾದ ಊರು ಈಗ ಹೊಟ್ಟೆ ಬಿರಿಯುವಂತೆ ಉರಿಸಬೇಕಾಗಿತ್ತು.

ಜನರೇಟರನ್ನು ಊರಿನ ಲೈನಿಗೆ ಜೋಡಿಸಿ, ಪಂಚಾಯಿತಿಯ ಮೈಕಿನಲ್ಲಿ ಕೂಗಿಸಿದರು. "ಎಲ್ಲರೂ ತಮ್ಮ ಮನಿಯಾಗಿನ ಎಲ್ಲಾ ಸ್ವಿಚ್ ಹಾಕಬೇಕು, ಪಂಪು, ಮಿಕ್ಸರ್, ಇಸ್ತ್ರಿ, ಏನೈತಿ ಎಲ್ಲಾ ಹಚ್ಚಬೇಕು!" ಅಷ್ಟು ಹೊತ್ತಿಗೆ ಬಾವಿಯ ಫೋನು ಮತ್ತೆ ಹೊಡೆದುಕೊಂಡಿತು.

"ಹುಲಿಗಿ, ಇದು ಯಾಕೋ ಜಿಗಿಜಿಗಿ ಐತಿ. ಸೀಳಿನ ಬಾಯಾಗ ರಬ್ಬರು ಉಬ್ಬಿ ಮೆತ್ತಗಾಗೇತಿ. ಮುಟ್ಟಿದ್ರ ಬೆರಳಿಗೆ ಅಂಟತೈತಿ."

"ಎಣ್ಣಿ ಬಿದ್ದೈತೇನ್ರಿ? ಮೂಸಿ ನೋಡ್ರಿ."

ಆ ಕಡೆ ಮೂಸುವ ಸದ್ದು ಕೇಳಿತು. ಆಮೇಲೆ ಅಮರೇಶ ಸಣ್ಣ ದನಿಯಲ್ಲಿ ಹೇಳಿದ. "ಲಿಂಬಿಹಣ್ಣಿನ ವಾಸ್ನಿ."

"ನೀವು ಅದನ್ನ ಎಲ್ಲಿ ಇಡತೀರಿ?"

"ದವಡಿ ಸಂದ್ಯಾಗ. ಪಟ್ಟಿಗೇ ತಾಗಬೇಕಂತ ಅವ್ವ ಹೇಳಿದ್ಲು. ಹಳೇವೂ ಒಳಗ ಅದಾವ, ಪೂಜಿದು ತಗದು ಒಗೀಬಾರದಂತ..."

ಹುಲಿಗೆಮ್ಮನಿಗೆ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಯಾರದೋ ಹುಟ್ಟುಹಬ್ಬದ ದಿನ ಒಬ್ಬಳು ಕಿತ್ತಳೆ ಸುಲಿದಾಗ ಪಕ್ಕದ ಬಲೂನುಗಳು ಫಟ್ ಫಟ್ ಎಂದು ಒಡೆದದ್ದು ನೆನಪಾಯಿತು. ಕಿತ್ತಳೆ, ಲಿಂಬೆಯ ಸಿಪ್ಪೆಯಲ್ಲಿ ಒಂದು ಬಗೆಯ ಎಣ್ಣೆ ಇರುತ್ತದೆ. ಅದು ರಬ್ಬರಿನ ಎಳೆಗಳ ನಡುವೆ ನುಸುಳಿ ಅವುಗಳ ಹಿಡಿತ ಬಿಡಿಸುತ್ತದೆ. ಇಲ್ಲಿ ದಿನಾ ಪಟ್ಟಿ ಬಿಗಿದಾಗಲೂ ದವಡೆ ಆ ಸಿಪ್ಪೆಗಳನ್ನು ಗಾಣದ ಹಾಗೆ ಹಿಂಡಿದೆ. ಎಷ್ಟು ಅಮಾವಾಸ್ಯೆಗಳ ಸಿಪ್ಪೆಗಳೋ! ಮಗನಿಗೆ ಕೆಟ್ಟ ಕಣ್ಣು ತಾಗದಿರಲಿ ಎಂದು ತಾಯಿ ಕೊಟ್ಟದ್ದು ಮಗನ ತಲೆಯ ಮೇಲಿನ ಪಟ್ಟಿಯನ್ನೇ ತಿನ್ನುತ್ತಿತ್ತು.

ಈಗ ಕೂತು ಮರುಗುವ ಹೊತ್ತಲ್ಲ. ಮೆತ್ತಗಾದ ರಬ್ಬರನ್ನು ಹರಿಯಲು ಅರ್ಧ ಶಕ್ತಿ ಸಾಕು. ಅವಳು ಲೆಕ್ಕಕ್ಕೆ ಹೊಸ ಅಂಕಿ ಕೊಟ್ಟಳು. ಹಸಿರು ಗೆರೆ ಅವಳ ಕಣ್ಣೆದುರೇ ಅರ್ಧಕ್ಕೆ ಇಳಿಯಿತು. ಮೊಳದ ಮಿತಿ ಹೋಗಿ ಗೇಣು ಆಯಿತು.

"ಗೇಣು ದಾಟಿದ್ರ ಹೋತು ಕಾಕಾ."

ಮೌಲಾಸಾಬ ಅವಳ ಮುಖ ನೋಡಿದ, ಮೀಟರ್ ನೋಡಿದ. "ಅಲ್ಲಾ... ಇದೇನವ್ವ, ಕರೆಂಟ್ ಏರೋ ಬದಲು ಇಳ್ಯಾಕತ್ತೈತಿ?"

ನಿಜವಾಗಿಯೂ ಇಳಿಯುತ್ತಿತ್ತು. ಊರಿನವರು ಕೂಗು ಕೇಳಿ ತಿರುಗುತ್ತಿದ್ದ ಒಂದೆರಡು ಫ್ಯಾನುಗಳನ್ನೂ ಆರಿಸಿದ್ದರು. ಎಲ್ಲ ಹಚ್ಚಿರಿ ಎಂದು ಪಂಚಾಯಿತಿ ಕೂಗಿಸುವುದೆಂದರೇನು? ಹಚ್ಚಿದವರ ಮನೆ ಗುರುತಿಸಿ ದಂಡ ಹಾಕುವ ಹುನ್ನಾರ ಅದು, ನಾವೇನು ದಡ್ಡರೇ? ಇಷ್ಟು ವರ್ಷ ಅವರ ತಲೆಗೆ ತುಂಬಿದ ಮಿತವ್ಯಯ ಎಷ್ಟು ಚೆನ್ನಾಗಿ ಇಳಿದಿದೆ ಎಂಬುದು ಹುಲಿಗೆಮ್ಮನಿಗೆ ಆಗ ಗೊತ್ತಾಯಿತು. ಅಳಬೇಕೋ ನಗಬೇಕೋ ತಿಳಿಯದ ಸ್ಥಿತಿ.

ಅಷ್ಟರಲ್ಲಿ ಕಲಬುರಗಿಯಿಂದ ಮುಖ್ಯ ಎಂಜಿನಿಯರ್ ದೇಶಮುಖ ಸಾಹೇಬರ ಕರೆ. ಅವರ ಪರದೆಯಲ್ಲೂ ಅದೇ ಗೆರೆಗಳು ಕಾಣುತ್ತಿದ್ದವು.

"ಹುಲಿಗೆಮ್ಮಾರ, ಊರು ನಂಬಿಕೊಂಡು ಕೂಡಬ್ಯಾಡ್ರಿ. ಬ್ರೇಕ್ ಹಿಡದು ಬಿಡ್ರಿ. ಕುಲುಕಿದ್ರ ಕುಲುಕ್ಲಿ, ಐದ್ಹತ್ತು ನಿಮಿಷದಾಗ ಪಟ್ಟಿ ಇಳೀತದ. ನಸೀಬು ಇದ್ರ ಉಳೀತದ."

"ನಸೀಬಿನ ಮ್ಯಾಲ ಬಿಡಾಂಗಿಲ್ರಿ ಸಾಹೇಬ್ರ. ಒಂದು ಕುಲುಕಿಗೆ ಸೀಳು ಎರಡು ಬೆರಳು ಜಿಗೀತೈತಿ. ಐದು ಕುಲುಕಿಗೆ ಗೇಣು ದಾಟತೈತಿ."

"ನೋಡ್ರಿ, ಕೆಳಗ ಇರೋರು ನಿಮ್ಮ ಮನಿಯವ್ರು. ಈ ಹೊತ್ತಿನಾಗ ನೀವು ನಿರ್ಧಾರ ಮಾಡೂದು ಸರಿ ಅಲ್ಲ. ಕುರ್ಚಿ ಬಿಟ್ಟು ಏಳ್ರಿ, ಮೌಲಾಸಾಬರಿಗೆ ಹೇಳ್ತೀನಿ."

ಹುಲಿಗೆಮ್ಮನಿಗೆ ಸಿಟ್ಟು ಬಂತು. ಸಾಹೇಬರು ಕೆಟ್ಟವರಲ್ಲ. ಅವರ ಜಾಗದಲ್ಲಿದ್ದರೆ ತಾನೂ ಇದನ್ನೇ ಕೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

"ಸಾಹೇಬ್ರ, ಕೆಳಗ ನನ್ನ ಗಂಡ ಇರ್ಲಿ, ನಿಮ್ಮ ಮಗ ಇರ್ಲಿ, ಲೆಕ್ಕ ಒಂದ ಐತಿ. ನನ್ನ ಲೆಕ್ಕದಾಗ ತಪ್ಪಿದ್ರ ಹೇಳ್ರಿ, ಈಗ ಏಳತೀನಿ. ಇಲ್ಲಾಂದ್ರ ನಾ ಏಳಾಂಗಿಲ್ಲ."

ಆ ಕಡೆ ಕೀಲಿಮಣೆ ಟಕಟಕ ಎನ್ನುವುದು ಕೇಳಿತು. ಸಾಹೇಬರು ಮತ್ತೊಮ್ಮೆ ಲೆಕ್ಕ ಹಾಕಿ ನೋಡುತ್ತಿದ್ದರು. ಕೊನೆಗೆ, "ಲೆಕ್ಕ ಸರಿ ಅದ," ಎಂದರು. "ಕರೆಂಟ್ ಎಲ್ಲಿಂದ ಕುಡಿಸ್ತೀರಿ?"

"ನಮ್ಮ ಅತ್ತಿ ಅದಾರ್ರಿ," ಎಂದು ಫೋನು ಇಟ್ಟಳು.

ಅಂಬಮ್ಮ ಮೊದಲ ಗಂಟೆಗೇ ಫೋನು ಎತ್ತಿದಳು. "ಏನವಾ ಅದು ಮೈಕಿನಾಗ? ಯಾವ ಮಬ್ಬ ಕೂಗಾಕತ್ತಾನ? ನಾನ ಈಗ ಮೂರು ಮನಿ ಲೈಟ್ ಆರಿಸಿ ಬಂದೆ."

"ಅತ್ತಿ, ಕೂಗ್ಸಿದಾಕಿ ನಾನ." ಹುಲಿಗೆಮ್ಮ ಮೀಟರ್ ನೋಡುತ್ತಲೇ ಹೇಳಿದಳು. "ಪಟ್ಟಿ ಸೀಳೈತಿ. ಅವರು ಕೆಳಗ ಅದಾರ. ಊರು ಕರೆಂಟ್ ಕುಡಿದ್ರಷ್ಟ ಪಟ್ಟಿ ಸಡಿಲಾಗತೈತಿ, ಅವರು ಮ್ಯಾಲ ಬರ್ತಾರ. ನನ್ನ ಮಾತು ಯಾರೂ ನಂಬವಲ್ರು. ನಿಮ್ಮ ಮಾತು ನಂಬತಾರ."

ಅತ್ತೆ ಅಳಲಿಲ್ಲ, ಯವ್ವಾ ಎನ್ನಲಿಲ್ಲ. ಒಂದು ಸ್ವಿಚ್ಚಿನ ಸದ್ದು ಕೇಳಿತು, ಇನ್ನೊಂದು, ಮತ್ತೊಂದು. ಆಮೇಲೆ ಖಾಲಿ ಮಿಕ್ಸರ್ ಗರ್‍ರ್ ಎಂದು ಅರಚಿತು. ಅದರ ಮೇಲಿಂದ ಅಂಬಮ್ಮನ ದನಿ ಬಂತು.

"ಮುಂದ ಹೇಳು."

"ಎಲ್ಲಾ ಒಮ್ಮೆಲೆ ಬ್ಯಾಡ. ಒಂದು ಓಣಿ ಆದ ಮ್ಯಾಲ ಇನ್ನೊಂದು ಓಣಿ. ಹಚ್ಚಿದ್ದು ಯಾರೂ ಆರ್ಸಬಾರದು. ಕರೆಂಟ್ ಏರ್ಬೇಕು, ಜಿಗೀಬಾರದು."

"ತಿಳೀತು. ಹಾಲು ಉಕ್ಕದಂಗ ಕಾಸೂದು."

ಕಂಟ್ರೋಲ್ ರೂಮಿನ ಕಿಟಕಿಯಿಂದ ಊರು ಪೂರ್ತಿ ಕಾಣುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಹುಲಿಗೆಮ್ಮನಿಗೆ ಅತ್ತೆಯ ಸೀರೆಯ ಬಣ್ಣ ಇಷ್ಟು ದೂರದಿಂದ ತಿಳಿಯದಿದ್ದರೂ, ಅವಳು ಎಲ್ಲಿದ್ದಾಳೆಂದು ಮೀಟರ್ ಹೇಳುತ್ತಿತ್ತು. ಮೊದಲು ಕುಂಬಾರ ಓಣಿ. ಅದರ ಹಿಂದೆ ಮಸೀದಿಯ ಓಣಿ. ಸೂಜಿ ಮೆಲ್ಲಗೆ, ಮುದುಕಿ ಮೆಟ್ಟಿಲು ಹತ್ತಿದ ಹಾಗೆ ಏರತೊಡಗಿತು.

"ಜಿಪುಣಿ ಅಂಬಮ್ಮನ ಬಂದು ಗೀಜರ್ ಹಚ್ಚಂದ್ಲಂತ!" ಊರಿನಿಂದ ಬಂದ ಫೋನು ಕೇಳಿ ಮೌಲಾಸಾಬ ಹೇಳಿದ. "ನಮ್ಮ ಮನಿಯಾಕಿ ಅಂತಾಳ, ಅಂಬಕ್ಕಗ ತಲಿ ಕೆಟ್ಟೈತಿ, ಇಲ್ಲಾ ಊರಿಗೆ ಏನೋ ಕಾದೈತಿ. ಎರಡರಾಗ ಯಾವುದಾದ್ರೂ ಹಚ್ಚೂದ ಚಲೋ ಅಂತ ಎಲ್ಲಾರೂ ಹಚ್ಚ್ಯಾರಂತ."

ಖಾರದ ಪುಡಿಯ ಗಿರಣಿ ಶುರುವಾಯಿತು. ಹಿಟ್ಟಿನ ಗಿರಣಿ ಶುರುವಾಯಿತು. ಶಾಲೆಯ ಪಂಪು ತುಂಬಿದ ಟಾಕಿಗೆ ನೀರೆತ್ತಿ ಬಯಲಿಗೆ ಚೆಲ್ಲತೊಡಗಿತು. ಬಾವಿಯ ಬಾಯಲ್ಲಿ ದೊಡ್ಡ ಗಾಲಿ ಹಿಂದಕ್ಕೆ ಉರುಳುತ್ತಿತ್ತು. ಪಟ್ಟಿ ಇಳಿಯುತ್ತಿತ್ತು. ಕೆಂಪು ಗೆರೆ ತುಸು ಬಾಗಿತು.

"ಎಷ್ಟು?" ಎಂದು ಬಾವಿಯ ಫೋನಿನಲ್ಲಿ ಕೇಳಿದಳು.

"ಗೇಣು ಹಾಕಿದ್ರ ಹೆಬ್ಬಟ್ಟಿನಿಂದ ತೋರ್ಬೆರಳಿನ ತನಕ. ಇನ್ನೂ ತೆವಳಾಕತ್ತೈತಿ. ಲಿಂಬಿ ಜಿಗಿ ಸೀಳಿನ ತುದಿ ಬೆನ್ನ ಹತ್ತೇತಿ ಹುಲಿಗಿ, ಬಟ್ಟಿಯಿಂದ ಒರಸಾಕತ್ತೀನಿ."

"ಅಡ್ಡ ಸುರಂಗದಾಗ ಹೋಗಿ ನಿಂದ್ರಿ. ಅಲ್ಲಿ ಪಟ್ಟಿ ಬಿದ್ರೂ ಸ್ವಲ್ಪರ..."

"ನಾ ಹೋದ್ರ ನಿನಗ ಅಳತಿ ಯಾರು ಹೇಳತಾರ? ಕೆಳಗಿನ ಕ್ಯಾಮೆರಾ ಸತ್ತು ಎಷ್ಟು ದಿನ ಆತು?"

ಅವನು ಹೇಳುವುದು ಸರಿಯಾಗಿತ್ತು. ಅಳತೆ ಇಲ್ಲದಿದ್ದರೆ ಅವಳು ಕುರುಡಿ. ಎಷ್ಟು ಬೇಗ ಇಳಿಸಬೇಕು ಎಂಬುದು ತಿಳಿಯುವುದಿಲ್ಲ. ಅವನನ್ನು ಅಲ್ಲಿ ನಿಲ್ಲಿಸಬೇಕಾದವಳೂ ತಾನೇ. "ಹಂಗಾರ ಅಲ್ಲೇ ಇರ್ರಿ. ಬೆರಳು ಬೆರಳಿಗೂ ಹೇಳ್ರಿ," ಎಂದಳು.

ಅಷ್ಟರಲ್ಲಿ ಮೀಟರಿನ ಸೂಜಿ ಒಮ್ಮೆಲೇ ಮೇಲೆ ನೆಗೆಯಿತು, ಬಿತ್ತು, ಮತ್ತೆ ನೆಗೆಯಿತು. ಕೆಳಗಿನ ಯಂತ್ರ ಚಟ್ ಚಟ್ ಎಂದಿತು.

"ಜಿಗೀತು!" ಅಮರೇಶ ಕೂಗಿದ. "ನಡುಬೆರಳು ದಾಟೇತಿ!"

"ವೆಲ್ಡಿಂಗ್!" ಎಂದ ಮೌಲಾಸಾಬ. "ಯಮನೂರಪ್ಪನ ವೆಲ್ಡಿಂಗ್ ಅಂಗಡಿ. ಉಪಕಾರ ಮಾಡಾಕ ಹೋಗಿ ಹಚ್ಚ್ಯಾನ, ಮನಿಹಾಳ!" ವೆಲ್ಡಿಂಗ್ ಕಡ್ಡಿ ಒಮ್ಮೆ ತಾಗಿದರೆ ಕರೆಂಟು ನುಂಗುತ್ತದೆ, ಎತ್ತಿದರೆ ಉಗುಳುತ್ತದೆ. ಪ್ರತಿ ಸಲವೂ ಪಟ್ಟಿಗೆ ಒಂದು ಕುಲುಕು.

ಹುಲಿಗೆಮ್ಮ ಅತ್ತೆಗೆ ಫೋನು ಹಚ್ಚಿ ವೆಲ್ಡಿಂಗ್ ನಿಲ್ಲಿಸಲು ಹೇಳಿದಳು. ಅಂಬಮ್ಮ ಏದುಸಿರಿನಲ್ಲೇ, "ಅಲ್ಲೇ ಬಾಗಲಾಗ ಅದೀನಿ," ಎಂದಳು. ಆಮೇಲೆ ಫೋನಿನಿಂದ ದೂರವಾಗಿ ಅವಳು ಚೀರುವುದು ಕೇಳಿತು. "ಯಮನೂರಾ! ಕಡ್ಡಿ ಒಗಿ! ಆ ಕೈ ಮುರ್ದು ಹಾಕ್ತೀನಿ ನೋಡು! ಅದರ ಬದ್ಲಿ ಆ ಕೂಲರ್ ಹಚ್ಚು, ಆ ದೊಡ್ಡ ಫ್ಯಾನ್ ಹಚ್ಚು, ಹಚ್ಚಿ ಅದರ ಮುಂದ ಸುಮ್ನ ಕುಂದ್ರು!"

ಸೂಜಿ ನೆಗೆಯುವುದು ನಿಂತಿತು. ಹುಲಿಗೆಮ್ಮ ಪರದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೆಂಪು ಗೆರೆ ಹಸಿರಿನ ಮೈಗೆ ಮೈ ತಾಗಿಸಿಕೊಂಡೇ ಸಾಗುತ್ತಿತ್ತು. ಪಟ್ಟಿ ಸಡಿಲವಾದಷ್ಟೂ ಸೀಳಿಗೆ ಸಿಗುವ ಊಟ ಕಡಿಮೆ. ಸೀಳು ಉದ್ದವಾದಷ್ಟೂ ಹೆಚ್ಚು. ಎರಡರ ಪಂದ್ಯ.

"ಕಾಕಾ, ನೀವು ಹೊರಗ ಹೋಗ್ರಿ. ಇಲ್ಲಿ ಇಬ್ಬರು ಸಾಯೂದು ಬ್ಯಾಡ."

"ಸುಮ್ನಿರು. ನಾ ಹೋದ್ರ ಈ ಮೀಟರ್ ನಿಮ್ಮ ಅತ್ತಿ ನೋಡತಾಳೇನು?" ಎಂದು ಮೌಲಾಸಾಬ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ಉಂಗುರ ಬೆರಳು," ಎಂದಿತು ಫೋನು.

ಕಿಟಕಿಯಾಚೆ ಹೊನ್ನಟ್ಟಿ ಉರಿಯುತ್ತಿತ್ತು. ಇನ್ನೂ ಕತ್ತಲಾಗಿರಲಿಲ್ಲ, ಆದರೂ ಪ್ರತಿ ಮನೆಯ ಪ್ರತಿ ದೀಪವೂ ಹೊತ್ತಿಕೊಂಡಿತ್ತು. ಮುರಿಯುವುದರಲ್ಲಿದ್ದ ಆ ಲಗ್ನದ ಸರದೀಪ ಯಾವ ಪೆಟ್ಟಿಗೆಯಲ್ಲಿತ್ತೋ, ಅದೂ ಹೊರಬಂದು ಒಂದು ಮಾಳಿಗೆಯ ಮೇಲೆ ಮಿನುಗುತ್ತಿತ್ತು. ಮಿಕ್ಸರುಗಳು, ಗಿರಣಿಗಳು, ಪಂಪುಗಳು ಕೂಡಿ ಒಂದೇ ದೊಡ್ಡ ಝೇಂಕಾರ ಗಾಲಿಮನೆಯವರೆಗೂ ಕೇಳುತ್ತಿತ್ತು. ಇಷ್ಟು ಬೆಳಕನ್ನು ಆ ಊರು ಚಿನ್ನ ಸಿಗುತ್ತಿದ್ದ ಕಾಲದಲ್ಲೂ ಕಂಡಿರಲಿಲ್ಲ.

"ಕಿರುಬೆರಳಿನ ಬುಡ," ಎಂದ ಅಮರೇಶ. "ಹುಲಿಗಿ, ಒಂದು ಮಾತು ಹೇಳ್ತೀನಿ..."

"ಈಗ ಏನೂ ಹೇಳಬ್ಯಾಡ್ರಿ. ಮನ್ಯಾಗ ಹೇಳೀರಂತ. ಅಳತಿ ಅಷ್ಟ ಹೇಳ್ರಿ."

ಇನ್ನೊಂದು ಓಣಿ ಸೇರಿತು. ಸೂಜಿ ಒಂದು ಗೆರೆ ಏರಿತು. ಗಾಲಿ ಉರುಳಿತು. ಅವಳು ಬಾಯೊಳಗೆ ಏನೋ ಗುಣುಗುಟ್ಟುತ್ತಿದ್ದಳು. ದೇವರ ಹೆಸರಲ್ಲ, ಓಣಿಗಳ ಹೆಸರು: ಕುಂಬಾರ ಓಣಿ, ಮಸೀದಿ ಓಣಿ, ಬಡಿಗ್ಯಾರ ಓಣಿ, ಹಳೆ ಕ್ವಾರ್ಟರ್ಸು. ಕೆಂಪು ಗೆರೆ ಹಸಿರನ್ನು ತಾಗುವಂತೆ ಬಂದು, ತಾಗದೆ, ಕೆಳಗೆ ಹೊರಳಿತು.

"ಎಷ್ಟ್ರಿ?"

"ಅಷ್ಟ."

"ಅಷ್ಟ ಅಂದ್ರ?"

"ಅಷ್ಟ ಐತಿ. ಕಿರುಬೆರಳ ತುದಿ ಮುಟ್ಟಿಲ್ಲ. ನಿಂತೈತಿ ಹುಲಿಗಿ. ಸೀಳು ನಿಂತೈತಿ."

ಅವಳು ಕುರ್ಚಿಯಿಂದ ಏಳಲಿಲ್ಲ. ಎರಡು ಗೆರೆಗಳ ನಡುವೆ ಒಂದು ಕೈ ಆಡುವಷ್ಟು ಜಾಗ ಆಗುವವರೆಗೂ ಗಾಲಿಯನ್ನು ಉರುಳಿಸುತ್ತಲೇ ಇದ್ದಳು. ಪಟ್ಟಿ ಸೋತು ಜೋತುಬಿದ್ದ ಮೇಲೆ ತೊಟ್ಟಿಲು ಇಳಿಸಿ, ಅದು ಮೇಲೆ ಬಂದು ಬಾಗಿಲು ತೆರೆದಾಗ ಎದುರು ಹೋಗಿ ನಿಂತಳು. ಅಮರೇಶನ ಬಲಗೈ ಬೆರಳುಗಳೆಲ್ಲ ಜಿಗಿಜಿಗಿಯಾಗಿದ್ದವು. ಮೈಯೆಲ್ಲ ಲಿಂಬೆಹಣ್ಣಿನ ವಾಸನೆ. ಅವಳು ಆ ಕೈಯನ್ನು ಹಿಡಿದುಕೊಂಡು ಮೌಲಾಸಾಬನ ಮುಂದೆಯೇ ಗೊಳೋ ಎಂದು ಅತ್ತುಬಿಟ್ಟಳು. ಮೌಲಾಸಾಬ ಆರಿಹೋದ ಚಹಾ ಕುಡಿಯುತ್ತಾ ಗೋಡೆಯ ಕಡೆ ತಿರುಗಿ ನಿಂತ.

ಮನೆಗೆ ನಡೆಯುವಾಗ ಅಮರೇಶ ಮೆಲ್ಲಗೆ ಬಾಯಿಬಿಟ್ಟ. "ಅವ್ವಗ ಲಿಂಬಿಹಣ್ಣಿಂದು ಹೇಳಬ್ಯಾಡ. ತನ್ನ ಕೈಯಾರೆ ಆತು ಅಂತ ತಿಳಿದ್ರ ಆಕಿ ಊಟ ಬಿಡತಾಳ. ನಾ ಇನ್ನ ಕಂಬಕ್ಕ ಇಡತೀನಿ, ಅಷ್ಟ."

"ನೀವು ಕಂಬಕ್ಕ ಇಡತೀರಿ. ನಾಳೆ ನಿಮ್ಮ ಜಾಗಕ್ಕ ಬಂದಾಂವ? ಅವನ ಅವ್ವ? ಊರು ತುಂಬ ಅವ್ವಗಳು ಅದಾರ್ರಿ." ಹುಲಿಗೆಮ್ಮ ನಿಂತು ಅವನ ಮುಖ ನೋಡಿದಳು. "ನಾ ಹೇಳಾಕೀನ. ಬೈಲಿ, ಅಳ್ಲಿ, ಹೇಳಾಕೀನ."

ದಾರಿಯ ಅಂಗಡಿಯಲ್ಲಿ ಒಂದು ಬಲೂನು ಕೊಂಡಳು. ಮನೆಯಲ್ಲಿ ಅಂಬಮ್ಮ ಮಗನ ಮೈ ಕೈ ಸವರಿ, ಗದರಿ, ಉಣಿಸಿ ಮುಗಿಸುವವರೆಗೆ ಸುಮ್ಮನಿದ್ದಳು. ಆಮೇಲೆ ಬಲೂನು ಊದಿ ಅತ್ತೆಯ ಕೈಗೆ ಕೊಟ್ಟಳು. ಬುಟ್ಟಿಯಿಂದ ಒಂದು ಲಿಂಬೆಹಣ್ಣು ತೆಗೆದು, ಸಿಪ್ಪೆ ಹೆರೆದು, ಬಲೂನಿನ ಮೇಲೆ ಹಿಂಡಿದಳು.

ಫಟ್!

ಅಂಬಮ್ಮ ಬೆಚ್ಚಿದಳು. ಕೈಯಲ್ಲಿ ಉಳಿದ ರಬ್ಬರಿನ ಚಿಂದಿಯನ್ನು ನೋಡಿದಳು, ಲಿಂಬೆಯನ್ನು ನೋಡಿದಳು, ಮಗನ ಜಿಗುಟು ಬೆರಳುಗಳನ್ನು ನೋಡಿದಳು. ಸೊಸೆ ಒಂದು ಮಾತೂ ಆಡಬೇಕಾಗಲಿಲ್ಲ. ಮುದುಕಿ ಗೋಡೆಗೆ ಒರಗಿ ಕೂತಳು. "ನಾನ?" ಎಂದು ಒಂದೇ ಸಲ ಕೇಳಿದಳು.

"ಸೀಳಿದ್ದು ಲಿಂಬಿಹಣ್ಣು. ಉಳಿಸಿದಾಕಿ ನೀವ," ಎಂದಳು ಹುಲಿಗೆಮ್ಮ, ಅವಳ ಪಕ್ಕ ನೆಲದ ಮೇಲೆ ಕೂತು. "ಎರಡೂ ಖರೇನ ಅತ್ತಿ. ಒಂದನ್ನ ಮುಚ್ಚಿಟ್ಟು ಇನ್ನೊಂದು ಹೇಳಾಕ ನನಗ ಬರಾಂಗಿಲ್ಲ."

ಅಂಬಮ್ಮ ಆ ಚಿಂದಿಯನ್ನು ಬೆರಳಲ್ಲಿ ಹೊಸಕುತ್ತಾ ಕೂತಳು. ಆಮೇಲೆ ಎದ್ದು, ಮನೆಯಲ್ಲಿ ಇನ್ನೂ ಉರಿಯುತ್ತಿದ್ದ ದೀಪಗಳನ್ನೆಲ್ಲ ಒಂದೊಂದಾಗಿ ಆರಿಸಿದಳು.

ಹೊಸ ಪಟ್ಟಿ ಬರುವವರೆಗೆ ಊರು ಕಂದೀಲಿನ ಬೆಳಕಿನಲ್ಲಿ ಉಂಡಿತು. ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಅಂಬಮ್ಮ ಸೆರಗು ಸಿಕ್ಕಿಸಿಕೊಂಡು, ಕಂಕುಳಲ್ಲಿ ಬುಟ್ಟಿ ಇಟ್ಟುಕೊಂಡು ಬಾವಿಯ ಆಳುಗಳ ಮನೆಗಳಿಗೆಲ್ಲ ಹೋದಳು. ಹೊಸ್ತಿಲ ಮುಂದೆ ನಿಂತು ಒಂದು ಬಲೂನು ಒಡೆದು ತೋರಿಸಿ, ಮನೆಯಲ್ಲಿದ್ದ ಲಿಂಬೆಹಣ್ಣನ್ನು ಬುಟ್ಟಿಗೆ ಹಾಕಿಸಿಕೊಂಡಳು. ಕೊಡಲು ಹಿಂದೆಮುಂದೆ ನೋಡಿದವರಿಗೆ, "ನನ್ನ ಮಗ ಸಾವಿನ ಬಾಯಿಗೆ ಹೋಗಿ ಬಂದಾನ. ನಿನ್ನ ಮಗನ್ನ ಕಳಸ್ತೀಯೇನು?" ಎಂದಳು. ಅದಾದ ಮೇಲೆ ಎಲ್ಲರೂ ತಾವಾಗಿಯೇ ಹಣ್ಣು ತಂದು ಬುಟ್ಟಿಗೆ ಹಾಕಿದರು.

ಅಷ್ಟೂ ಹಣ್ಣು ಉಪ್ಪಿನಕಾಯಿಯಾಗಿ ಎರಡು ದೊಡ್ಡ ಭರಣಿ ತುಂಬಿತು.

ಹೊಸ ಪಟ್ಟಿಯ ಮೊದಲ ದಿನ ಅಮರೇಶ ಡ್ಯೂಟಿಗೆ ಹೊರಟು ನಿಂತಾಗ ಅಂಬಮ್ಮ ಅವನ ಜೇಬನ್ನು ಮುಟ್ಟಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಲಿಂಬೆ ಉಪ್ಪಿನಕಾಯಿ ಹಾಕಿದ ಡಬ್ಬಿಯನ್ನು ಕೈಗೆ ಕೊಟ್ಟಳು. ಅದರ ಜೊತೆಗೆ ಒಂದು ಹೊಸ ಸಾಬೂನು, ಒಂದು ಒಗೆದ ಟವೆಲ್ಲು.

"ಮೊಳಕೈ ತನಕ ತೊಳಕೋಬೇಕು," ಎಂದಳು. "ಉಂಡ ಕೈಲೆ ಪಟ್ಟಿ ಮುಟ್ಟಿದಿ ಅಂದ್ರ ನನ್ನ ಕೈ ನೋಡತಿ, ಮಗನ."